ಸದಾಶಿವ ಪೇಠದಲ್ಲಿ ಮಂಗಳ ಗ್ರಹ

ಯೆರವಡಾ, ಪುಣೆ
೨೧-೯-೧೯೮೬

ಚಿ. ಕುಸುಮಳಿಗೆ ನಿನ್ನ ಸೋದರಮಾವ ಈರಬಸಪ್ಪನ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯೋಣವೆಂದರೆ ಗಣಪತಿ ಹೊತ್ತ ಬಲಭುಜ ಒಪ್ಪುತ್ತಿಲ್ಲ. ಗಣಪತಿ ನೀರಿಗೆ ಹೋಗಿ ನಾಲ್ಕು ದಿನವಾಯಿತು, ನಾನಿನ್ನೂ ಹಾಸಿಗೆ ಬಿಟ್ಟಿಲ್ಲ. ನಿನ್ನ ಅತ್ತಿ ಗೌರಾಬಾಯಿ ಎಣ್ಣೆ ತಿಕ್ಕುತ್ತಾ, "ದೇವರನ್ನ ಮುಳುಗಿಸಾಕ ಹೋದವರು ತಾವೇ ಮುಳುಗಿ ಬಂದಾರ" ಎಂದು ನಗುತ್ತಾಳೆ.

ನೀನು ಕಾಯುತ್ತಿರುವ ಸುದ್ದಿಗೆ ಬರುತ್ತೇನೆ. ಮುಂದಿನ ವರ್ಷ ಪುಣೆಗೆ ಬಂದು ಎಂ.ಎಸ್ಸಿ. ಓದಲು ಅಪ್ಪನನ್ನು ಒಪ್ಪಿಸು ಎಂದು ನೀನು ಬರೆದಿದ್ದೆಯಲ್ಲ. ಭಾವನವರಿಗೆ ಬಾಯಿಂದ ಹೇಳಿದರೆ ಆಗದು, ಕಣ್ಣಿಗೆ ತೋರಿಸಬೇಕು. ಅದಕ್ಕೇ ನೀನು ಬರೆದ ಆ ಬಿಸಿಲು ಹಿಡಿಯುವ ಉಪಗ್ರಹವನ್ನೇ ಈ ಸಲ, ನಾನು ಲೈಟಿನ ಕೆಲಸ ಮಾಡುವ ಸದಾಶಿವ ಪೇಠದ ಮಂಡಳದ ಗಣಪತಿಯ ಮುಂದೆ ದೇಖಾವೆ ಮಾಡಿ, ಜನ ನೋಡುವ ದೃಶ್ಯವಾಗಿ ನಿಲ್ಲಿಸಿದೆ. ಇಟ್ಟಂಗಿ ಪುಡಿಯಲ್ಲಿ ಮಂಗಳ ಗ್ರಹ, ಅದರ ಮೇಲೊಂದು ಪುಟ್ಟ ಗಾಡಿ, ಮೇಲೆ ಡಾಲ್ಡಾ ಡಬ್ಬಿಯ ಉಪಗ್ರಹ. ಫ್ಯಾನಿನ ಮೋಟರಿಗೆ ಕಟ್ಟಿದ್ದೆ, ಗರಗರ ತಿರುಗುತ್ತಿತ್ತು. ಉಪಗ್ರಹದಿಂದ ಗಾಡಿಗೆ ಇಳಿಯುವ ಕಿರಣ ಕಣ್ಣಿಗೆ ಕಾಣುವುದಿಲ್ಲ ಎಂದು ನೀನು ಬರೆದಿದ್ದರೂ ಕೆಂಪು ಬಲ್ಬಿನ ಸರವನ್ನೇ ಇಳಿಬಿಟ್ಟೆ. ಕಾಣದ್ದನ್ನು ನೋಡಲು ಪುಣೆಯವರು ಪಾಳಿ ನಿಲ್ಲುವುದಿಲ್ಲ ಕುಸುಮಾ. ಐಡಿಯಾ ಯಾರದೆಂದು ಕೇಳಿದವರಿಗೆಲ್ಲ ನನ್ನದೇ ಎಂದೆ. ಸಿಟ್ಟಾಗಬೇಡ.

ಭಾವ ಗುಲಬರ್ಗಾದಿಂದ ಬಂದರು. ಗಣಪತಿಗೆ ಕೈ ಮುಗಿದು, ಮಂಗಳದ ಕಡೆ ಅರೆಗಣ್ಣಲ್ಲಿ ನೋಡಿ, "ಛಲೋ ಮಾಡೀಯಲೇ ಈರ್ಯಾ, ನಡಿ ಚಾ ಕುಡಿಯೂಣು" ಎಂದು ಚಪ್ಪಲಿ ಹುಡುಕತೊಡಗಿದರು. ಎರಡು ತಿಂಗಳ ದುಡಿಮೆ ಅಷ್ಟರಲ್ಲೇ ಮುಗಿಯಿತು ಎಂದುಕೊಂಡೆ.

ಅಷ್ಟೊತ್ತಿಗೆ ಲೈಟು ಹೋದವು. ಡಬ್ಬಿ ನಿಂತಿತು, ಗಾಡಿ ನಿಂತಿತು. ಪಾಳಿಯಲ್ಲಿದ್ದ ಹುಡುಗರು, ಮಂಗಳದವರು ಬಿಲ್ಲು ಕಟ್ಟಿಲ್ಲವೇನು ಕಾಕಾ ಎಂದು ಮರಾಠಿಯಲ್ಲಿ ಕೂಗಿ ಸಿಳ್ಳೆ ಹೊಡೆದರು. ಆದರೆ ಭಾವ ಚಪ್ಪಲಿ ಬಿಟ್ಟು ತಿರುಗಿ ನಿಂತರು. ಕಾಳು ಅರ್ಧ ಬೀಸಿರುವಾಗ ಕರೆಂಟು ಹೋದರೆ ಏನಾಗುತ್ತದೆಂದು ಹಿಟ್ಟಿನ ಗಿರಣಿ ಇಟ್ಟ ಭಾವನಿಗಿಂತ ಬೇರೆ ಯಾರಿಗೆ ಗೊತ್ತು?

"ನಿಮ್ಮ ಗಿರಣಿ ನಿಂತಾಂಗ ರಾತ್ರಿಯಾದ್ರ ಆ ಗಾಡೀನೂ ಹಿಂಗ ನಿಲ್ತದ್ರಿ ಭಾವ. ಅಲ್ಲಿ ವಯರ್ ಎಳ್ಯಾಕ ಯಾರದಾರ್ರಿ? ಅದಕ್ಕ ಮ್ಯಾಲಿನ ಡಬ್ಬಿ ಸೂರ್ಯನ ಬಿಸಿಲು ಹಿಡದು ಕೆಳಗ ಕಳಸ್ತದ" ಎಂದೆ.

ಭಾವ ಕತ್ತಲಲ್ಲೇ ಕೈ ಚಾಚಿ, ನಿಂತ ಡಬ್ಬಿಯನ್ನು ಗ್ರಹದ ಹಿಂದಕ್ಕೆ ತಳ್ಳಿದರು. ಆಮೇಲೆ, "ಆ ಡಬ್ಬೀನೂ ಗ್ರಹದ ಹಿಂದ ಹೋದಾಗ ನೆರಳಾಗ ಬೀಳ್ತದಲ್ಲಲೇ? ಆವಾಗ?" ಎಂದರು.

ನಿನ್ನ ಮಾವ ಓದಿದ್ದು ಏಳನೆಯ ಇಯತ್ತೆಯವರೆಗೆ ಮಾತ್ರ. "ಅದನ್ನ ನಿಮ್ಮ ಮಗಳಿಗೇ ಕೇಳಬೇಕ್ರಿ" ಎಂದೆ.

ಲೈಟು ಬಂದವು. ಚಹಾದಂಗಡಿಯಲ್ಲಿ ಭಾವ ಬಸಿಯನ್ನು ಕಪ್ಪಿನ ಸುತ್ತ ತಿರುಗಿಸುತ್ತಾ ಕೂತರು. ಬಸ್ಸು ಹತ್ತುವಾಗ, "ಜೂನದಾಗ ಕರಕೊಂಡು ಬರ್ತೀನಿ. ನಿಮ್ಮನ್ಯಾಗ ಅಕಿಗೆ ಓದಾಕ ಒಂದು ಮೂಲಿ ಅದ ಏನು?" ಎಂದು ಕೇಳಿದರು. ಇದೆ ಎಂದೆ. ಗೌರಾಬಾಯಿ ಆಗಲೇ ಟ್ರಂಕು ಸರಿಸಿದ್ದಾಳೆ.

ಇನ್ನು ನನ್ನ ಸುದ್ದಿ. ಮುಂದಿನ ವರ್ಷದಿಂದ ಮಂಡಳದ ಲೈಟಿನ ಕೆಲಸ ಬಿಟ್ಟೆ. ಮಂಡಳದವರು ಕಾಲು ಹಿಡಿದರು, ನಾನೇ ಒಲ್ಲೆ ಎಂದೆ. ಏಣಿ ಹತ್ತಿ ಹತ್ತಿ ಸಾಕಾಗಿದೆ. ಹುಡುಗರು ಮಾಡಲಿ.

ನಿನ್ನ ಅವ್ವ ಸಾವಂತ್ರಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಮಾವ,
ಈರಬಸಪ್ಪ

ತಾ.ಕ.: ಈ ಪತ್ರ ಹಾಸ್ಟೆಲ್ಲಿಗೇ ಹಾಕಿದ್ದೇನೆ, ಅಪ್ಪನಿಗೆ ತೋರಿಸಬೇಡ. ಅವತ್ತು ಪೇಠದಲ್ಲೆಲ್ಲ ಕರೆಂಟು ಇತ್ತು. ಭಾವ ಚಪ್ಪಲಿಗೆ ಕಾಲು ಹಾಕಿದ್ದನ್ನು ನೋಡಿ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡವನು ನಾನೇ. ಈರಬಸಪ್ಪನ ವಯರಿಂಗು ಹಬ್ಬದಲ್ಲೇ ಕೈಕೊಟ್ಟಿತು ಎಂದು ಮಂಡಳದವರು ಬೇರೆಯವನನ್ನು ಗೊತ್ತುಮಾಡಿದ್ದಾರೆ. ಕಾಲು ಹಿಡಿದದ್ದು ನಾನು. ಹೋಗಲಿ. ಆ ನೆರಳಿನ ಪ್ರಶ್ನೆಗೆ ಉತ್ತರ ಮಾತ್ರ ಬೇಗ ಬರೆ. ಮಲಗಿದಲ್ಲೇ ಅದೇ ತಿರುಗುತ್ತಿದೆ.