ನಮ್ಮ ಮನೆಗೆ ನಾನೂ ಗಿರಾಕಿ

ಭಾನುವಾರ, ಸಂಜೆ

ಪ್ರೀತಿಯ ಗುಬ್ಬಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಮೆಸೇಜುಗಳಿಗೆ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಆ ಫೋನಿನ ಪುಟಾಣಿ ಗುಂಡಿಗಳಲ್ಲಿ ನನ್ನ ಮಾತು ಹಿಡಿಸುವುದಿಲ್ಲ; ಕಾಗದದ ಮೇಲೆ ಬರೆದು ಫೋಟೋ ಕಳಿಸುತ್ತಿದ್ದೇನೆ. 'ಐ ಬೆಗ್ ಟು ಸ್ಟೇಟ್' ಅಂತ ಶುರು ಮಾಡದಿದ್ದರೆ ನನಗೆ ಕೈಯೇ ಓಡದು. ಕಾಲೇಜಿನ ಇಂಗ್ಲಿಷಿನಲ್ಲಿ ಉಳಿದಿರುವುದು ಅರ್ಜಿ ಬರೆಯುವ ಭಾಗ ಮಾತ್ರ. ಆರೋಗ್ಯ ಪರವಾಗಿಲ್ಲ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಮನೆಯ ವಿಷಯಕ್ಕೆ ಬರುತ್ತೇನೆ. ಅಮ್ಮ ತೀರಿಕೊಂಡ ವಾರ ನೀನು ನನ್ನ ಕೈ ಹಿಡಿದುಕೊಂಡು, "ಇಲ್ಲೊಬ್ಬರೇ ಏನ್ಮಾಡ್ತೀರಿ, ಮಾರಿ ನಮ್ಮ ಜೊತೆ ಬಂದುಬಿಡಿ ಅಪ್ಪಾ" ಅಂದೆಯಲ್ಲ, ಆ ಮಾತಿನ ಮೇಲೆ 'ಮನೆ ಮಾರಾಟಕ್ಕಿದೆ' ಅಂತ ಬೋರ್ಡು ಹಾಕಿಸಿದೆ. ಆದರೆ ಹಳೇ ಊರಿನ ಹಳೇ ಕಟ್ಟಡ ನೋಡು, ಕಿಟಕಿಗೆ ಬೇರೆ ಬಣ್ಣ ಹೊಡೆಯಬೇಕಾದರೂ ಪರಂಪರೆ ಸಮಿತಿಯವರ ಅಪ್ಪಣೆ ಬೇಕು. ಬಂದವರೆಲ್ಲ ಕಮಾನು ಬಾಗಿಲು ನೋಡಿ "ಆಹಾ" ಅನ್ನುತ್ತಾರೆ, ಅಡುಗೆಮನೆ ನೋಡಿ "ಇಷ್ಟೇನಾ" ಅನ್ನುತ್ತಾರೆ. ಅಷ್ಟರಲ್ಲಿ ಸಿಟಿಗೆ ಹೋಗುವ ರೈಲು ಕೆಳಗೆ ಹಾಯುತ್ತದೆ, ಶೋಕೇಸಿನ ಲೋಟಗಳು ಗಿಲಗಿಲ ಅನ್ನುತ್ತವೆ, ಅವರು ಮುಖ ಮುಖ ನೋಡಿಕೊಂಡು ಹೊರಡುತ್ತಾರೆ.

ಬ್ರೋಕರಮ್ಮ ಒಳ್ಳೆಯವಳು, ಬಾಯಿ ಜೋರು. "ಅಂಕಲ್, ಜನ ಮನೆ ನೋಡೋಕೆ ಬಂದಾಗ ನೀವಿರಬಾರದು. ನೀವು ಕಥೆ ಹೇಳ್ತೀರಿ, ಅವರು ಗೋಡೆ ಬಿಟ್ಟು ನಿಮ್ಮನ್ನ ನೋಡ್ತಾರೆ" ಅಂದಳು. ನಮ್ಮ ಫೋಟೋಗಳು, ಅಮ್ಮನ ಕನ್ನಡಕ, ನನ್ನ ಔಷಧದ ಡಬ್ಬಿ ಎಲ್ಲ ಮಂಚದ ಕೆಳಗೆ ಹೋದವು. ಇಲ್ಲಿ ಯಾರೂ ಬದುಕಿಯೇ ಇಲ್ಲವೇನೋ ಅನ್ನುವ ಹಾಗೆ ಇರಬೇಕಂತೆ. ಅವರು ಬಂದಾಗಲೆಲ್ಲ ನಾನು ಸ್ಟೇಷನ್ನಿನ ಬೆಂಚಿನ ಮೇಲೆ ಹೋಗಿ ಕೂರುತ್ತೇನೆ. ಟಿಕೆಟ್ ಕೊಡುವವನು ಮೊದಮೊದಲು "ಎಲ್ಲಿಗೆ ಸಾರ್?" ಅಂತ ಕೇಳುತ್ತಿದ್ದ. ಈಗ ಅದನ್ನೂ ಬಿಟ್ಟಿದ್ದಾನೆ.

ಇವತ್ತು ಏನಾಯ್ತು ಗೊತ್ತಾ? ಬೆಂಚು ತಣ್ಣಗೆ ಕೊರೆಯುತ್ತಿತ್ತು. ಸ್ವೆಟರ್ ತರೋಣ ಅಂತ ವಾಪಸು ಹೋದೆ. ಒಳಗೆ ಹೊಸ ಜೋಡಿಯೊಂದು ನಿಂತಿತ್ತು. ಬ್ರೋಕರಮ್ಮ ಬಾಲ್ಕನಿಯಲ್ಲಿ ಫೋನಿನಲ್ಲಿದ್ದಳು. ಆ ಹುಡುಗಿ ನನ್ನನ್ನು ಕಂಡು, "ನೀವೂ ನೋಡೋಕೆ ಬಂದ್ರಾ ಅಂಕಲ್?" ಅಂದಳು. ಇಲ್ಲಮ್ಮ ಅನ್ನಬೇಕಿತ್ತು. ಬಾಯಿಗೆ ಬಂದದ್ದು "ಹೌದಮ್ಮ". ಆಮೇಲೇನು, ಬೇರೆಯವರ ಮನೆಗೆ ಬಂದವನ ಹಾಗೆ ನಮ್ಮ ಮನೆಯನ್ನೇ ಸುತ್ತಿ ನೋಡಿದೆ ಗುಬ್ಬಿ. ನಲ್ಲಿ ತಿರುಗಿಸಿದೆ, ಕಪಾಟು ತೆಗೆದೆ. "ವೆರಿ ಕಮೋಡಿಯಸ್" ಅಂದೆ, ಬಹಳ ವಿಶಾಲ ಅನ್ನುವ ಹಾಗೆ; ಅರ್ಥ ಸರಿಯೋ ತಪ್ಪೋ, ಕೇಳಲು ಗಂಭೀರವಾಗಿತ್ತು. ಆ ಹುಡುಗಿ ಗಂಡನ ಕೈ ಚಿವುಟಿ, "ರೀ, ಬೇಗ ಹೇಳಿಬಿಡಿ, ಈ ಅಜ್ಜ ಹಾರಿಸಿಕೊಂಡು ಹೋಗ್ತಾರೆ" ಅಂತ ಪಿಸುಗುಟ್ಟಿದಳು.

"ನಿಮ್ಮನೇಲಿ ಎಷ್ಟು ಜನ ಅಂಕಲ್?" ಅಂದ ಗಂಡ.

"ಇಬ್ಬರು" ಅಂದೆ. ಅದೂ ಬಾಯಿಗೆ ಬಂದದ್ದೇ.

ಕೇಳಿದ ಬೆಲೆಗೇ ಒಪ್ಪಿ ಹೋದರು. ಬ್ರೋಕರಮ್ಮ ಮೊದಲು ಬೈದಳು, ಆಮೇಲೆ ನಗು ತಡೆಯಲಾರದೆ, "ಇನ್ನು ಎಲ್ಲಾ ಮನೆಗೂ ನಿಮ್ಮನ್ನೇ ಕರ್ಕೊಂಡು ಹೋಗ್ತೀನಿ ಅಂಕಲ್" ಅಂದಳು. ಬುಧವಾರ ಸಹಿ ಹಾಕಬೇಕು. ತಿಂಗಳ ಕೊನೆಗೆ ಬೀಗದ ಕೈ ಅವರಿಗೆ. ಅಮ್ಮನ ಹೊಲಿಗೆ ಮಿಷನ್ ಅಲ್ಲಿಗೆ ತರಲೋ, ಇಲ್ಲೇ ಯಾರಿಗಾದರೂ ಕೊಟ್ಟುಬಿಡಲೋ? ಹಿಂದೆಯೂ ಕೇಳಿದ್ದೆ. ಅದಕ್ಕೆ ನೀನು ಅಲ್ಲಿಯ ಮಳೆ, ಚಳಿಯ ಸುದ್ದಿ ಮಾತ್ರ ಬರೆದು ಕಳಿಸಿದೆ.

ಅಳಿಯಂದಿರಿಗೆ ನಾನು ಕೇಳಿದೆ ಅಂತ ಹೇಳು. ಮಗುವಿಗೆ ಎರಡು ಕೆನ್ನೆಗೂ ಮುತ್ತು. ನಿಮ್ಮ ಮನೆ ಸದಾ ಗಲಗಲ ಅನ್ನುತ್ತಿರಲಿ.

ನಿನ್ನ
ಅಪ್ಪ

ತಾ. ಕ.: ಇದು ಮರೆತದ್ದಲ್ಲ, ಬರೆಯಲು ಹಿಂಜರಿದದ್ದು. ಹೋದ ವಾರ ನೀನು ಸ್ನಾನಕ್ಕೆ ಹೋಗಿದ್ದಾಗ ಫೋನು ಎತ್ತಿದ್ದು ಮಗು. "ತಾತಾ, ನೀವು ಮಲಗ್ತಿದ್ದ ರೂಮು ಈಗ ಅಪ್ಪನ ಆಫೀಸು. ನಿಮಗೆ ಬೇರೆ ಕಡೆ ನೋಡಿದ್ದಾರೆ, ಅಲ್ಲಿ ತುಂಬಾ ಜನ ತಾತಂದಿರು ಇರ್ತಾರಂತೆ" ಅಂದಳು. ಅವಳನ್ನು ಗದರಬೇಡ. ಬುಧವಾರದೊಳಗೆ ನನಗೊಂದು ಮಾತು ತಿಳಿಸು. ಬರಬೇಡಿ ಅಂದರೆ ಸಹಿ ಹಾಕದೆ ಇಲ್ಲೇ ಇರುತ್ತೇನೆ, ನಿನ್ನ ಮೇಲೆ ಕೋಪವಿಲ್ಲ. ಆದರೆ ಅದನ್ನು ನಾನು ನಿನ್ನ ಬಾಯಿಂದ ಕೇಳಬೇಕು.