ಡಿಕ್ಕಿ ಹೊಡೆಯಲು ಏನೂ ಇಲ್ಲದ ಜಾಗ

ಮಾರ್ಚ್ 28, 2020, ಶನಿವಾರ

ಬೆಳಿಗ್ಗೆಯಿಂದ ಇವರು ಹಿತ್ತಲಲ್ಲಿ ಓಡುತ್ತಿದ್ದಾರೆ. ಬಟ್ಟೆ ಒಣಹಾಕುವ ಹಗ್ಗದ ಮೇಲೆ ಒಂದು ಕೈ. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ನಾನು ಒಗೆದ ಬಟ್ಟೆ ಬಕೆಟ್ಟಿನಲ್ಲೇ ಮುದುಡಿ ಕೂತಿದೆ. ಕೇಳಿದರೆ "ಇನ್ನೈದ್ ನಿಮಿಷ ವಸು" ಅನ್ನುತ್ತಾರೆ. ಇವರ ಐದು ನಿಮಿಷ ಮುಗಿಯುವ ಹೊತ್ತಿಗೆ ಐರ್ಲೆಂಡಿನ ಬಿಸಿಲು ಕಾಯುತ್ತದೆಯೇ? ಹೋಗಿಯೇ ಹೋಯಿತು.

ನಿನ್ನೆ ಟೀವಿಯಲ್ಲಿ ಕೊರೋನಾ ನಿಯಮ ಹೇಳಿದರು. ವ್ಯಾಯಾಮ ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಮಾತ್ರ. ಇವರ ಜೊತೆ ಓಡುವ ಡೆಕ್ಲನ್ ಇರುವುದು ಲಿಮೆರಿಕ್ ಊರಿನ ಆಚೆ ಬದಿ. ಇವರಿಗೆ ಕಣ್ಣು ಕಾಣುವುದಿಲ್ಲ. ಓಟದಲ್ಲಿ ಡೆಕ್ಲನ್ನೇ ಇವರ ಕಣ್ಣು. ಮೊಳದುದ್ದದ ಹಗ್ಗ, ಒಂದು ತುದಿ ಅವನ ಕೈಗೆ, ಇನ್ನೊಂದು ಇವರ ಕೈಗೆ. ಹಾಗೇ ಓಡಿ ಇಬ್ಬರೂ ಡಬ್ಲಿನ್ ಮ್ಯಾರಥಾನ್ ಮುಗಿಸಿದವರು. ಈಗ ಎಲ್ಲರೂ ಎರಡು ಮೀಟರ್ ದೂರ ನಿಲ್ಲಬೇಕಂತೆ. ಮೊಳದ ಹಗ್ಗಕ್ಕೆ ಎಲ್ಲಿಯ ಎರಡು ಮೀಟರ್!

ನಾನು ಮಕ್ಕಳನ್ನು ನೋಡಿಕೊಳ್ಳುವ ಕ್ರೆಷ್ ಮುಚ್ಚಿದೆ. ಇವರ ಆಫೀಸು ಊಟದ ಮೇಜಿನ ಮೇಲೆ. ಮಗಳ ಶಾಲೆ ಅವಳ ಹಾಸಿಗೆಯ ಮೇಲೆ. ನನ್ನ ಬಟ್ಟೆ ಬಕೆಟ್ಟಿನಲ್ಲಿ.

ಮಾರ್ಚ್ 31

ಜೋರ್ಡಾನ್ ಓಟ ರದ್ದು. ಮರುಭೂಮಿ ಮ್ಯಾರಥಾನ್. ಒಂದು ವರ್ಷದಿಂದ ಅದರದೇ ಜಪ ಇತ್ತು ಇವರಿಗೆ. ಮೇಲ್ ಓದುವ ಯಂತ್ರದ ದನಿ ಅಡುಗೆಮನೆಗೂ ಕೇಳಿಸಿತು. ಅದಕ್ಕೆ ಏನು, ಹಬ್ಬದ ಶುಭಾಶಯವನ್ನೂ ಅದೇ ರಾಗದಲ್ಲಿ ಓದುತ್ತದೆ.

ಬಂದು ನೋಡಿದೆ. ಲ್ಯಾಪ್‌ಟಾಪ್ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಸಮಾಧಾನಕ್ಕೆ ಅಂತ ಹೇಳಿದೆ, "ಹೋಗ್ಲಿ ಬಿಡ್ರೀ. ಆ ಬಿಸಿಲಲ್ಲಿ ಏನಿದೆ ಅಂತ? ಬರೀ ಮರಳು. ನೋಡೋಕೂ ಏನಿಲ್ಲ ಅಲ್ಲಿ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ನಕ್ಕರು. "ಏನೂ ಇಲ್ಲ ಅಂತಾನೇ ಹೋಗ್ಬೇಕಿತ್ತು ವಸು. ಕೊನೇಲಿ ಒಂದ್ ಬಯಲಿದೆಯಂತೆ. ಒಣಗಿದ ಕೆರೆ ಥರ. ಕಲ್ಲಿಲ್ಲ, ಗಿಡ ಇಲ್ಲ, ಗುಂಡಿ ಇಲ್ಲ. ಡಿಕ್ಕಿ ಹೊಡೆಯೋಕೆ ಏನೂ ಇಲ್ಲ. ಅಲ್ಲಿ ಹಗ್ಗ ಬಿಟ್ಬಿಡ್ತೀನಿ ಅಂದಿದ್ದ ಡೆಕ್ಲನ್. ಒಂದ್ ಸಲ, ಒಬ್ಬನೇ ಓಡ್ಬೇಕಿತ್ತು."

ಇಷ್ಟು ದಿನ ನನಗೆ ಹೇಳಿರಲಿಲ್ಲ. ಹೇಳಿದ್ದರೆ ಬೇಡ ಅನ್ನುತ್ತಿದ್ದೆ. ಅದು ಅವರಿಗೂ ಗೊತ್ತು.

ಮದುವೆಯ ಹೊತ್ತಿಗೆ ಇರುಳುಗುರುಡು ಮಾತ್ರ ಇತ್ತು. ಮೈಸೂರಲ್ಲಿ ಕತ್ತಲಾದರೆ ನನ್ನ ತೋಳು ಹಿಡಿದು ನಡೆಯುತ್ತಿದ್ದರು, ನೋಡಿದವರು ಹೊಸ ಜೋಡಿ ಅಂದುಕೊಳ್ಳುತ್ತಿದ್ದರು. ಮಗಳು ಇಂಚರಾ ಶಾಲೆಗೆ ಸೇರುವಷ್ಟರಲ್ಲಿ ಹಗಲೂ ಹೋಯಿತು. ಅಂದಿನಿಂದ ಈ ಮನುಷ್ಯ ಹಗ್ಗ ಬಿಟ್ಟು ಒಬ್ಬರೇ ಓಡಿದ್ದೇ ಇಲ್ಲ. ನನಗೆ ಇದು ಯಾಕೆ ಹೊಳೆಯಲಿಲ್ಲ?

ಏಪ್ರಿಲ್ 4, ಶನಿವಾರ

ಹಗ್ಗದ ಇನ್ನೊಂದು ತುದಿ ನಾನೇ ಹಿಡಿದೆ. ಬೇರೆ ಯಾರು ಸಿಗುತ್ತಾರೆ ಎರಡು ಕಿಲೋಮೀಟರಲ್ಲಿ? ಶಾಲೆ ಬಿಟ್ಟ ಮೇಲೆ ಬಸ್ಸಿಗೂ ಓಡಿದವಳಲ್ಲ. ಕಾಲಿಗೆ ಇಂಚರಾಳ ಹಳೆಯ ಶೂ.

ಪ್ಲಾಸಿ ಹೊಳೆದಂಡೆಯ ದಾರಿ. ನಾಯಿ ಬಂತು, "ಹುಷಾರು!" ಅಂದೆ. ಬೇರು ಬಂತು, "ಹುಷಾರು ಹುಷಾರು!" ಸೈಕಲ್ಲಿಗೂ ಹುಷಾರು. ಇವರು ನಿಂತೇಬಿಟ್ಟರು.

"ವಸು, ಹುಷಾರು ಅಂದ್ರೆ ನಾನೇನ್ ಮಾಡ್ಲಿ? ಕಾಲೆತ್ಲಾ, ಬಗ್ಲಾ, ಪಕ್ಕಕ್ಕೆ ಹೋಗ್ಲಾ?"

ನಮ್ಮಮ್ಮನೂ ಜೀವಮಾನವೆಲ್ಲ ನಮಗೆ ಹುಷಾರು ಅಂದವಳೇ. ಏನು ಮಾಡಬೇಕು ಅಂತ ಒಮ್ಮೆಯೂ ಹೇಳಿದ್ದು ನೆನಪಿಲ್ಲ. ನಾನೂ ಕ್ರೆಷ್ ಮಕ್ಕಳಿಗೆ ದಿನವಿಡೀ ಬಿ ಕೇರ್‌ಫುಲ್ ಬಿ ಕೇರ್‌ಫುಲ್ ಅನ್ನುತ್ತೇನೆ.

ಸಂಜೆ ಡೆಕ್ಲನ್ ವಿಡಿಯೋ ಕಾಲಲ್ಲಿ ಪಾಠ ಮಾಡಿದ. ಭಯ ಹೇಳಬೇಡ, ನೆಲ ಹೇಳು. "ಬೇರು, ಕಾಲೆತ್ತಿ." "ಎಡಕ್ಕೆ ಇಳಿಜಾರು." ಹಗ್ಗ ಎಳೆಯಬೇಡ, ಸಡಿಲವಾಗಿರಲಿ. ಕೊನೆಗೆ "ಯು ಆರ್ ಗ್ರ್ಯಾಂಡ್" ಅಂದ, ಏನೂ ತೊಂದರೆಯಿಲ್ಲ ಅಂತ. ಈ ದೇಶದಲ್ಲಿ ಕಾಲು ಮುರಿದವನಿಗೂ ಹಾಗೇ ಅನ್ನುತ್ತಾರೆ.

ಏಪ್ರಿಲ್ 19

ಮೊಣಕಾಲು ಎರಡೂ ಬಾತಿವೆ. ಅದಿರಲಿ. ಇವತ್ತಿನದು ಬರೆಯಲೇಬೇಕು.

ರಸ್ತೆಯಲ್ಲಿ ಒಂದು ಕಾರಿನ ಸದ್ದೂ ಇಲ್ಲ. ಲಿಮೆರಿಕ್ ಉಸಿರು ಹಿಡಿದು ಕೂತ ಹಾಗಿದೆ. ಓಡುತ್ತಾ ಇವರು ಸುಮ್ಮನೆ ಅಂದರು, "ಎಡಗಡೆ ವ್ಯಾನ್ ನಿಲ್ಸಿದಾರೆ. ಈಗ ಬೇಲಿ... ಈಗ ಗೇಟು, ತೆರೆದಿದೆ." ಎಲ್ಲವೂ ಸರಿ! ನಾನಿನ್ನೂ ಬಾಯಿಯನ್ನೇ ತೆರೆದಿರಲಿಲ್ಲ.

"ಹೇಗ್ರೀ ಗೊತ್ತಾಯ್ತು?"

"ನಮ್ಮ ಹೆಜ್ಜೆ ಸದ್ದು ಅಲ್ಲಿಗೆ ಹೋಗಿ ವಾಪಸ್ ಬರತ್ತಲ್ಲ. ವ್ಯಾನಿಂದ ಬೇಗ ಬರತ್ತೆ. ಗೇಟ್ ತೆಗ್ದಿದ್ರೆ ಬರಲ್ಲ. ಮುಂಚೆ ಟ್ರಾಫಿಕ್ಕಲ್ಲಿ ಕೇಳ್ತಿರ್ಲಿಲ್ಲ, ಈಗ ಊರು ಪೂರ್ತಿ ಕೇಳತ್ತೆ."

ಮೈ ಜುಮ್ಮೆಂದಿತು. ಇಪ್ಪತ್ತು ವರ್ಷದಿಂದ ಇವರಿಗೆ ಅನ್ನ ಬಡಿಸಿದ್ದೇನೆ, ಸಾರು ಎಲ್ಲಿದೆ ಪಲ್ಯ ಎಲ್ಲಿದೆ ಹೇಳಿದ್ದೇನೆ. ಇವರ ಕಿವಿಯೊಳಗೆ ಇಷ್ಟು ದೊಡ್ಡ ಊರು ಇದೆ ಅಂತ ಗೊತ್ತಿರಲಿಲ್ಲ. ಮನೆಗೆ ಬಂದ ಮೇಲೂ ಸುಮ್ಮನೆ ಇವರನ್ನೇ ನೋಡುತ್ತಿದ್ದೆ. "ಏನು?" ಅಂದರು. ಅದೂ ಗೊತ್ತಾಗುತ್ತದೆ ಇವರಿಗೆ!

ಮೇ 8, ಶುಕ್ರವಾರ

ಈಗ ಐದು ಕಿಲೋಮೀಟರ್ ಬಿಟ್ಟಿದ್ದಾರೆ. ಆ ಸಂಭ್ರಮದಲ್ಲಿ ಹೊಸ ರಸ್ತೆಗೆ ಹೋದೆವು. ಬೇಲಿ ತುಂಬ ಹಾಥಾರ್ನ್ ಹೂ, ಬೆಳ್ಳಗೆ. ನಾನು ಅದನ್ನೇ ನೋಡುತ್ತಿದ್ದೆ. ಶುಕ್ರವಾರ ಕಸದ ದಿನ ಎಂಬುದು ಮರೆತೇಹೋಗಿತ್ತು. ಫುಟ್‌ಪಾತಿನ ನಡುವೆ ಕಸದ ಡಬ್ಬ, ಹಸಿರು ಬಣ್ಣದ್ದು, ಇವರ ಎದೆಯೆತ್ತರ.

ಪೂರ್ತಿ ವೇಗದಲ್ಲಿ ಹೋಗಿ ಹೊಡೆದು ಮುಖ ಅಡಿಯಾಗಿ ಬಿದ್ದರು. ತುಟಿ ಒಡೆಯಿತು, ಹಲ್ಲೊಂದು ಅಲುಗುತ್ತಿದೆ. ರಕ್ತ ಸುರಿಯುತ್ತಿದ್ದರೂ ನನ್ನನ್ನೇ ಸಮಾಧಾನ ಮಾಡಿದರು. "ಹೂ ಚೆನ್ನಾಗಿತ್ತಾ?" ಅಂದರು. ಹೇಗೆ ಗೊತ್ತಾಯಿತು? ಪರಿಮಳ ಇವರಿಗೂ ಬಂದಿತ್ತಂತೆ.

ಮುಗಿಯಿತು. ಇನ್ನು ಓಟ ಇಲ್ಲ. ಹೇಳಿಬಿಟ್ಟೆ. ಹಗ್ಗವನ್ನು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಹಾಕಿದೆ.

ಜೂನ್ 5

ತಿಂಗಳಾಗುತ್ತಾ ಬಂತು. ಬರೆಯಲು ಏನೂ ಇರಲಿಲ್ಲ. ತುಟಿ ವಾಸಿಯಾಗಿದೆ. ಇವರು ಒಮ್ಮೆಯೂ ಕೇಳಲಿಲ್ಲ. ಹಿತ್ತಲಿಗೂ ಹೋಗಲಿಲ್ಲ. ಬಟ್ಟೆ ಚೆನ್ನಾಗಿ ಒಣಗುತ್ತಿವೆ.

ಇವತ್ತು ಊಟಕ್ಕೆ ಕೂತಾಗ ಇಂಚರಾ ಅಂದಳು, ಅಮ್ಮ ಅನ್ನದೆ ಇಲ್ಲಿನ ರಾಗದಲ್ಲೇ, "ಮ್ಯಾಮ್, ಡ್ಯಾಡ್ಸ್ ನಾಟ್ ಒನ್ ಆಫ್ ಯೋರ್ ಕ್ರೆಷ್ ಕಿಡ್ಸ್."

"ನಿಂಗೇನ್ ಗೊತ್ತು? ರಕ್ತ ನೋಡಿದ್ದು ನಾನು."

"ಹಿ ಫೆಲ್, ಮ್ಯಾಮ್. ಪೀಪಲ್ ಫಾಲ್."

ಕೋಪ ನೆತ್ತಿಗೇರಿತು. ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಪಾತ್ರೆ ತೊಳೆದು ಮುಗಿದರೂ ಅವಳ ಮಾತು ತಲೆಯಿಂದ ಹೋಗಲಿಲ್ಲ. ಹದಿನೈದು ವರ್ಷದ ಹುಡುಗಿ. ಬಿದ್ದವರು ಅವಳಪ್ಪ, ಹೆದರಿ ಮನೆಯೊಳಗೆ ಕೂತವಳು ನಾನು. ನನ್ನ ಭಯಕ್ಕೆ ಅವರನ್ನು ಕಟ್ಟಿಹಾಕಿದ್ದೇನೆ.

ಸ್ಟೂಲ್ ಹತ್ತಿ ಹಗ್ಗ ತೆಗೆದೆ. ಸದ್ದು ಕೇಳಿ ಆಚೆ ಕೋಣೆಯಿಂದಲೇ, "ನಾಳೆ ಎಷ್ಟೊತ್ತಿಗೆ?" ಅಂದರು.

ಜೂನ್ 29, ಸೋಮವಾರ

ಇವತ್ತಿನಿಂದ ಜಿಲ್ಲೆ ದಾಟಿ ಯಾವ ಕೌಂಟಿಗೆ ಬೇಕಾದರೂ ಹೋಗಬಹುದು. ಕ್ರೆಷ್ ಕೂಡ ತೆರೆಯಿತು. ಮಕ್ಕಳು ನನ್ನನ್ನು ಮರೆತೇಬಿಟ್ಟಿದ್ದಾರೆ, ಒಬ್ಬಳು ಅತ್ತಳು.

ಡೆಕ್ಲನ್ ಫೋನ್ ಮಾಡಿದ್ದ. ಪಕ್ಕದ ಕೆರಿ ಕೌಂಟಿಯಲ್ಲಿ ಒಂದು ಕಡಲತೀರ ಇದೆ, ಬ್ಯಾನಾ ಅಂತ. ಇಳಿತದ ಹೊತ್ತಿನಲ್ಲಿ ಮೈಲಿಗಟ್ಟಲೆ ಗಟ್ಟಿ ಮರಳು. ಮರುಭೂಮಿ ಸಿಗದಿದ್ದರೆ ಅದು ಇದೆಯಲ್ಲ! ಶನಿವಾರ ಮಳೆಗಾಳಿ, ಜನ ಇರುವುದಿಲ್ಲ, ಅದೇ ಒಳ್ಳೆಯದು ಅಂದ. ಮಳೆ ಬಂದರೆ ಒಳ್ಳೆಯದು ಅನ್ನುವವರು ಈ ದೇಶದಲ್ಲಿ ಇವನೊಬ್ಬನೇ ಇರಬೇಕು.

ಇವರಿಗೆ ಹೇಳಿದೆ. ಆಮೇಲೆ ಬಚ್ಚಲಿನಲ್ಲಿ ಹಾಡಿಕೊಳ್ಳುತ್ತಿದ್ದರು.

ನನಗೆ ಭಯ. ಎಡಗಡೆ ಸಮುದ್ರ ಇರುತ್ತದಲ್ಲ.

ಜುಲೈ 4, ಶನಿವಾರ, ಸಂಜೆ

ಇದ್ದದ್ದನ್ನು ಇದ್ದಹಾಗೆ ಬರೆಯುತ್ತೇನೆ.

ಮರಳದಿಬ್ಬ ಹತ್ತಿ ಆ ಕಡೆ ನೋಡಿದವಳು ಅಲ್ಲೇ ನಿಂತೆ. ಮೈಸೂರಿನವಳು ನಾನು, ನನಗೆ ಸಮುದ್ರ ಅಂದರೆ ನೀರು. ಇಲ್ಲಿ ನೀರು ಎಲ್ಲೋ ದೂರ ಹೋಗಿಬಿಟ್ಟಿದೆ. ಉಳಿದದ್ದು ನೆಲ. ಒದ್ದೆ ನೆಲ, ಅದರೊಳಗೆ ಮೋಡ. ಆ ಕೊನೆಯೂ ಕಾಣದು, ಈ ಕೊನೆಯೂ ಕಾಣದು. ಒಂದು ಕಲ್ಲಿಲ್ಲ. ಒಬ್ಬ ಮನುಷ್ಯ ಇಲ್ಲ. ಇಷ್ಟು ದೊಡ್ಡದನ್ನು ದೇವರು ಯಾಕೆ ಖಾಲಿ ಬಿಟ್ಟ ಅನ್ನಿಸಿತು.

"ಹೇಗಿದೆ ಹೇಳು," ಅಂದರು ಇವರು.

ನೆಲ ಹೇಳುವುದು ಕಲಿತಿದ್ದೇನಲ್ಲ. ಹೇಳಲು ಹೊರಟು ಎಡಬಲ ನೋಡಿದೆ. "ಏನೂ ಇಲ್ಲ ರೀ," ಅಂದೆ. "ನಿಜವಾಗ್ಲೂ ಏನೂ ಇಲ್ಲ."

ಅವರ ಮುಖ ಅರಳಿತು.

ಡೆಕ್ಲನ್ ಸುತ್ತ ನೋಡಿ ಬಂದು ಎರಡು ಮೀಟರ್ ದೂರದಲ್ಲೇ ನಿಂತ. ದಾರಿ ತಿಳಿಯಲು ಚಪ್ಪಾಳೆ ತಟ್ಟಲೇ ಎಂದು ಕೇಳಿದ. ಬೇಡ ಅಂದರು. ಶೂ ಕಳಚಿದರು. ಗಟ್ಟಿ ಮರಳಿಗೆ ಬಂದಾಗ ಹಗ್ಗ ಬಿಚ್ಚಬೇಕಾದವಳು ನಾನು. ನನ್ನ ಬೆರಳು ಮಾತು ಕೇಳಲಿಲ್ಲ. ಇವರೇ ನಿಧಾನವಾಗಿ ಬಿಡಿಸಿ, ಹಗ್ಗವನ್ನು ನನ್ನ ಅಂಗೈಯಲ್ಲಿಟ್ಟು ಮುಚ್ಚಿದರು.

ಓಡಿದರು.

ಮೊದಲ ಕೆಲವು ಹೆಜ್ಜೆ ಅಳುಕಿತ್ತು, ಒಂದು ಕೈ ಮುಂದೆ ಚಾಚಿತ್ತು. ಆಮೇಲೆ ಆ ಕೈ ಇಳಿಯಿತು. ಆಮೇಲೆ... ಇವರು ಹಾಗೆ ಓಡುವುದನ್ನು ನಾನು ನೋಡೇ ಇಲ್ಲ. ನಾನು ಪಕ್ಕದಲ್ಲಿದ್ದಾಗ ನನ್ನ ವೇಗಕ್ಕೆ ತಗ್ಗಿ ಓಡುತ್ತಿದ್ದರು, ಡೆಕ್ಲನ್ ಇದ್ದಾಗ ಅವನ ಹೆಜ್ಜೆಗೆ. ಇದು ಇವರದೇ ಹೆಜ್ಜೆ. ತಲೆ ಮೇಲೆತ್ತಿ, ಎದೆ ಬಿಚ್ಚಿ. ಐವತ್ತರ ಹತ್ತಿರದ ಮನುಷ್ಯ! ಅಳು ಬಂತು, ಒರೆಸಿಕೊಳ್ಳಲಿಲ್ಲ.

ಆಗ ಗೊತ್ತಾಯಿತು, ನೇರ ಹೋಗುತ್ತಿಲ್ಲ. ಸ್ವಲ್ಪ ಸ್ವಲ್ಪವೇ ಎಡಕ್ಕೆ, ನೀರಿನ ಕಡೆ. ಡೆಕ್ಲನ್ ಕೂಗಿದ. ಗಾಳಿ ಎದುರಿಂದ. ನಾನು ಓಡುತ್ತಾ "ರೀ! ರೀ!" ಎಂದು ಕೂಗಿದೆ. ಅಷ್ಟು ಸಣ್ಣ ಮಾತು, ಗಾಳಿ ಬಾಯಿಂದಲೇ ಕಿತ್ತುಕೊಂಡು ಹೋಯಿತು. ಅವರ ಮುಂದೆ ಅಲೆ ಬಿಳಿಯಾಗಿ ಮುರಿಯುತ್ತಿತ್ತು.

"ಗುರುದತ್ತಾ!"

ನನ್ನ ದನಿಯೇ. ತಾಳಿ ಕಟ್ಟಿಸಿಕೊಂಡಾಗಿನಿಂದ ಹೆಸರು ಹಿಡಿದು ಕರೆದವಳಲ್ಲ. ಅತ್ತೆ ಬದುಕಿದ್ದರೆ ಏನನ್ನುತ್ತಿದ್ದರೋ. "ಗುರುದತ್ತಾ! ನಿಲ್ರೀ! ಗುರುದತ್ತಾ!"

ನಿಂತರು. ಮೊಣಕಾಲಿನವರೆಗೆ ನೀರು. ಅಲೆ ಬಂದು ಹೊಡೆದು ಹೋಯಿತು, ಅಲುಗಲಿಲ್ಲ. ನಾನು ಏದುಸಿರು ಬಿಡುತ್ತಾ ಹೋಗಿ ತೋಳು ಹಿಡಿದೆ. ಬೈಯಬೇಕೆಂದಿದ್ದೆ.

"ಮೊದಲ್ನೇ ಸಲಾನೇ ಕೇಳಿಸ್ತು," ಅಂದರು. ಮುಖದ ತುಂಬ ಉಪ್ಪು ನೀರು. "ಇನ್ನೊಂದ್ ಸಲ ಕರೀತೀಯಾ ನೋಡೋಣ ಅಂತ ಓಡ್ದೆ."

ಸಮುದ್ರದಲ್ಲೇ ನಿಂತು ಬೈದೆ. ಬೈಗುಳದ ಜೊತೆಗೇ ನಗು ಬಂತು. ಡೆಕ್ಲನ್ ದಡದಲ್ಲಿ ಟೋಪಿ ತೆಗೆದು ಹಿಡಿದುಕೊಂಡು ನಿಂತಿದ್ದ, ಚರ್ಚಿನಲ್ಲಿ ನಿಂತ ಹಾಗೆ.

ಜುಲೈ 19, ಭಾನುವಾರ

ಇವತ್ತು ಮತ್ತೆ ಬ್ಯಾನಾ. ಇಂಚರಾಳೂ ಬಂದಿದ್ದಳು, ದಿಬ್ಬದ ಮೇಲೆ ಕೂತು ಫೋನು ನೋಡುತ್ತಿದ್ದಳು. ಇವರು ಎರಡು ಸಲ ಒಬ್ಬರೇ ಓಡಿದರು. ನೀರಿನ ಬದಿಗೆ ನಾನು ನಿಂತಿದ್ದೆ. ಈ ಸಲ ಅಷ್ಟು ಹೆದರಲಿಲ್ಲ.

ಆಮೇಲೆ ನನ್ನ ತಲೆಗೆ ಏನು ಹೊಕ್ಕಿತೋ, "ನಾನೂ ಕಣ್ಮುಚ್ಕೊಂಡು ಓಡ್ತೀನಿ," ಅಂದೆ.

ಮುಂದೆ ಏನೂ ಇಲ್ಲ ಅಂತ ಗೊತ್ತು. ಈಗಷ್ಟೇ ಕಣ್ಣಾರೆ ನೋಡಿದ್ದೇನೆ. ಆದರೂ ನಾಲ್ಕು ಹೆಜ್ಜೆಗೆ ರೆಪ್ಪೆ ತಾನೇ ತೆರೆಯಿತು. ಮತ್ತೆ ಮುಚ್ಚಿದೆ. ಮತ್ತೆ ತೆರೆಯಿತು. ಎದುರಿಗೆ ಗೋಡೆ ಇದೆ, ಗುಂಡಿ ಇದೆ, ಕಸದ ಡಬ್ಬ ಇದೆ ಅಂತ ಮೈಯೆಲ್ಲ ಹೇಳುತ್ತದೆ. ಮರಳಲ್ಲಿ ಕುಕ್ಕರಿಸಿ ಕೂತೆ. ಇಷ್ಟು ಖಾಲಿ ಜಾಗದಲ್ಲಿ ನನ್ನ ಮೇಲೇ ನನಗೆ ನಂಬಿಕೆ ಬರಲಿಲ್ಲ. ಈ ಮನುಷ್ಯ ಬೇರು, ಬೇಲಿ, ಡಬ್ಬ ತುಂಬಿದ ರಸ್ತೆಯಲ್ಲಿ ನನ್ನನ್ನು ನಂಬಿ ಓಡಿದ್ದಾರೆ. ತುಟಿ ಒಡೆದ ಮೇಲೂ ಬಂದು ಹಗ್ಗಕ್ಕೆ ಕೈ ಕೊಟ್ಟಿದ್ದಾರೆ. ಆ ದಿನ ಸಮುದ್ರದ ಮುಂದೆ ನಿಂತಾಗಲೂ ನನಗೆ ಇಷ್ಟು ಬೆರಗಾಗಿರಲಿಲ್ಲ.

"ಎಷ್ಟ್ ದೂರ ಹೋದೆ?" ಕೇಳಿದರು.

"ನಾಲ್ಕ್ ಹೆಜ್ಜೆ."

ನಗಲಿಲ್ಲ. ನನ್ನ ಜೇಬಿಗೆ ಕೈ ಹಾಕಿ ಹಗ್ಗ ತೆಗೆದರು. ಒಂದು ತುದಿ ನನ್ನ ಕೈಗೆ ಸುತ್ತಿದರು, ಇನ್ನೊಂದು ತಮ್ಮ ಕೈಗೆ. "ಮುಚ್ಚು," ಅಂದರು.

"ಇಬ್ರಿಗೂ ಕಾಣಲ್ವಲ್ರೀ!"

"ಅದಕ್ಕೇನೀಗ? ಡಿಕ್ಕಿ ಹೊಡೆಯೋಕೆ ಏನಿದೆ?"

ಮುಚ್ಚಿದೆ. ಓಡಿದೆವು. ಗಾಳಿ, ಇವರ ಉಸಿರು, ಒದ್ದೆ ಮರಳಿನ ಮೇಲೆ ನಾಲ್ಕು ಕಾಲು. ಹಗ್ಗ ಸಡಿಲವಾಗಿತ್ತು. ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದೆವೋ ತಿಳಿಯದು. ದೂರದಲ್ಲೆಲ್ಲೋ ಇಂಚರಾ ಕೂಗುತ್ತಿದ್ದಳು, ಮ್ಯಾಮ್, ಮ್ಯಾಮ್ ಅಂತ. ಬಲಗಡೆ ದಿಬ್ಬ ಹತ್ತಿರ ಬಂದದ್ದು ಕೇಳಿಸಿತು, ನಿಜವಾಗಿಯೂ ಕೇಳಿಸಿತು, ಆಮೇಲೆ ಅದು ದೂರವಾಯಿತು. ಕಣ್ಣು ಬಿಡಬೇಕು ಅಂತ ಒಮ್ಮೆಯೂ ಅನ್ನಿಸಲಿಲ್ಲ.