ದಂಡ ಕಟ್ಟಿದವರು ಯಾರು?

ಬೇಕರಿಯ ಹಿಂದಿನ ಕೋಣೆ,
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಇವರಿಗೆ,

ಬೆನ್ನುನೋವು ಹೇಗಿದೆ? ಜೈಲಿನ ನೆಲದ ಮೇಲೆ ಮಲಗಿ ಹೆಚ್ಚೇ ಆಗಿರಬೇಕು. ಕೇಳಿದರೆ 'ಏನಿಲ್ಲ ಬಿಡೆ' ಅನ್ನುತ್ತೀರಿ. ಆ ಮಾತನ್ನು ನಾನು ನಂಬಿದ್ದು ಯಾವತ್ತು? ಅತ್ತೆ ಚೆನ್ನಾಗಿದ್ದಾರೆ, ಊಟ ಮಾತ್ರ ಅಷ್ಟಕ್ಕಷ್ಟೆ. ನಿಮಗಿಂತ ಮೊದಲು ಈ ಕಾಗದ ಓದುವ ಜೈಲಿನ ಗುಮಾಸ್ತರಿಗೂ ನನ್ನ ನಮಸ್ಕಾರ.

ಸುದ್ದಿ ಏನೆಂದರೆ, ನಿನ್ನೆ ಜಪ್ತಿಯವರು ಬಂದರು. ಈ ಸಲ ಒಲೆಯನ್ನೇ ಕಿತ್ತೊಯ್ಯುತ್ತಾರೆ ಅಂದುಕೊಂಡು ಲಟ್ಟಣಿಗೆ ಹಿಡಿದೇ ಬಾಗಿಲಿಗೆ ಹೋದೆ. ನೋಡಿದರೆ, ನಮ್ಮ ಹಿಟ್ಟು ನಾದುವ ಯಂತ್ರವನ್ನು ವಾಪಸ್ ತಂದಿದ್ದಾರೆ! 'ದಂಡ ಕಟ್ಟಿ ಆಯ್ತಲ್ಲಮ್ಮ, ನಿಮ್ಮ ಯಜಮಾನ್ರನ್ನೂ ಗುರುವಾರ ಬಿಡ್ತಾರೆ' ಅಂದ, ಅವರಲ್ಲಿ ದಪ್ಪಗಿದ್ದವನು. ಯಾರು ಕಟ್ಟಿದ್ದು ಅಂತ ಕೇಳಿದರೆ 'ನಿಮ್ಮವರೇ' ಅಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ನಮ್ಮವರು ಅಂದರೆ ಯಾರು? ಮೊದಲ ಅನುಮಾನ ನಮ್ಮಣ್ಣನ ಮೇಲೆ. ತೆರಿಗೆಯಲ್ಲಿ ಯುದ್ಧಕ್ಕೆ ಹೋಗುವ ಪಾಲನ್ನು ಕೊಡುವುದಿಲ್ಲ ಅಂತ ನೀವು ಹೇಳಿದ ದಿನದಿಂದ ನಮ್ಮ ಮೆಟ್ಟಿಲು ತುಳಿಯದವನು, ಮೊನ್ನೆ ಬಂದು ಬೆಣ್ಣೆಯಂಥ ಮಾತಾಡಿ ಬನ್ನು ತಿಂದು ಹೋದ. ನಿನ್ನೆ ಸಂಜೆ ಅವನ ಮನೆಗೆ ಹೋದರೆ, ನಾನು ಬಾಯಿ ತೆರೆಯುವ ಮೊದಲೇ 'ನಾನಲ್ಲಮ್ಮ' ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಎದುರಂಗಡಿ ದರ್ಜಿಯೂ ಕಮ್ಮಿಯಿಲ್ಲ. ಸೈನಿಕರ ಅಂಗಿ ಹೊಲಿಯುವ ಗುತ್ತಿಗೆ ಸಿಕ್ಕ ಮೇಲೆ ನನ್ನ ಮುಖ ನೋಡದವನು ನಿನ್ನೆ ಯಂತ್ರ ಇಳಿಸಲು ಓಡಿ ಬಂದ. ಯಾರಾದರೂ ಸುಮ್ಮನೆ ಓಡಿ ಬರುತ್ತಾರಾ?

ಕೊನೆಗೆ, ಬೈಯಬೇಡಿ, ನಿಮ್ಮ ಮೇಲೂ ಅನುಮಾನ ಬಂತು. ಬೆನ್ನುನೋವಿಗೆ ಸೋತು ನೀವೇ ಒಳಗಿಂದ ಒಪ್ಪಿಬಿಟ್ಟಿರಾ? ನಿಮ್ಮ ತಮ್ಮ ಯುದ್ಧದಿಂದ ಹೆಣವಾಗಿಯೂ ಮರಳದೆ ಹೋದಾಗ, 'ನನ್ನ ದುಡ್ಡಿಂದ ಇನ್ನೊಬ್ಬ ತಾಯಿಗೆ ಹೀಗಾಗಬಾರದು' ಅಂದವರು ನೀವು. 'ದಂಡ ಕಟ್ಟಿದರೂ ದಂಡು ಕಟ್ಟಿದ ಹಾಗೇ ಕಣೆ' ಅಂದವರೂ ನೀವೇ. ಆಗ ನಕ್ಕಿದ್ದೆ. ಆದರೆ ಆ ಒಂದು ಮಾತು ನಂಬಿಕೊಂಡು ಇಷ್ಟು ದಿನ ಕೈಯಲ್ಲೇ ಹಿಟ್ಟು ನಾದಿ ಮಣಿಕಟ್ಟು ಊದಿಸಿಕೊಂಡಿದ್ದೇನೆ. ನೀವೇ ಕಟ್ಟಿಸಿದ್ದರೆ ನೀವೇ ಹೇಳಿ. ಬೇರೆಯವರ ಬಾಯಿಂದ ಕೇಳಿ ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಯಂತ್ರವನ್ನು ನಾನಿನ್ನೂ ಮುಟ್ಟಿಲ್ಲ.

ಮೈ ಜೋಪಾನ. ಅತ್ತೆಯ ಆಶೀರ್ವಾದ, ನನ್ನ ಅನುಮಾನ, ಎರಡೂ ನಿಮ್ಮ ಜೊತೆಗಿರಲಿ.

ನಿಮ್ಮವಳು

ತಾ.ಕ.: ಲಕೋಟೆ ಅಂಟಿಸುವಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು. ಕಟ್ಟಿದ್ದು ಅವರು, ರೀ! ನಿಮ್ಮ ತಮ್ಮ ಸತ್ತಾಗ ಸರ್ಕಾರ ಕೊಟ್ಟ ಪರಿಹಾರ, ಅವರು ಮುಟ್ಟದೆ ಇಟ್ಟಿದ್ದರಲ್ಲ, ಅದೇ ದುಡ್ಡು. 'ಅವನು ತೆರಿಗೆ ಕಟ್ಟಲ್ಲ ಅಂದ. ದಂಡ ಕಟ್ಟಲ್ಲ ಅಂದ್ನಾ? ಎರಡೂ ಒಂದೇನಾ?' ಅಂತ ಕೇಳಿದರು. ನಾನು ಅಂಟಿಸುತ್ತಿದ್ದ ಲಕೋಟೆಯನ್ನು ಮತ್ತೆ ಬಿಚ್ಚಿದೆ. 'ಒಬ್ಬ ದಂಡಿಗೆ ಹೋದ, ಬರಲಿಲ್ಲ. ಇನ್ನೊಬ್ಬ ದಂಡು ಬೇಡ ಅಂದ, ಅವನೂ ಮನೇಲಿಲ್ಲ' ಅಂದರು. ಗುರುವಾರ ಜೈಲಿನ ಬಾಗಿಲಿಗೆ ಅವರೇ ಬರುತ್ತಾರೆ. ಈ ದುಡ್ಡಿಗೆ ಹೊರಗೆ ಬರುವುದಿಲ್ಲ ಅನ್ನುವುದಾದರೆ, ಅವರ ಮುಖ ನೋಡಿ ನೀವೇ ಹೇಳಿ. ನನ್ನ ಕೈಲಾಗುವುದಿಲ್ಲ.